ಡಾಕ್ಟರನ್ನು ಬಿಟ್ಟು ಉಳಿದವರು

ಹಳ್ಳಿ ಆರೋಗ್ಯದ ಕೆಲಸ ಮಾಡುವ ಸಂಸ್ಥೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: 'ಡಾಕ್ಟರು ಯಾರು?' ಚಳ್ಳಕೆರೆಯಲ್ಲೋ ಜಗಳೂರಿನಲ್ಲೋ ಇಪ್ಪತ್ತು ಇಪ್ಪತ್ತೈದು ಜನರ ಒಂದು ಸಣ್ಣ ಸಂಸ್ಥೆಯ ಹಾಜರಿ ಪುಸ್ತಕ ತೆಗೆದು ನೋಡಿ. ಡಾಕ್ಟರ ಹೆಸರು ಒಂದು ಸಾಲು, ಅದರ ಮುಂದೆ ವಾರಕ್ಕೆ ಎರಡು ಸಹಿ. ಮಿಕ್ಕ ಸಾಲುಗಳಲ್ಲಿ ಇರುವವರು ಫೀಲ್ಡ್ ಕಾರ್ಯಕರ್ತೆಯರು, ಇಬ್ಬರೋ ಮೂವರೋ ಮೇಲ್ವಿಚಾರಕರು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಔಷಧಿ ಸ್ಟೋರ್ ನೋಡುವವರು, ಡ್ರೈವರ್, ಲೆಕ್ಕದವರು, ಕಂಪ್ಯೂಟರಿಗೆ ಅಂಕಿ ತುಂಬುವವರು. ನರ್ಸಿಂಗೋ ಎಂ.ಎಸ್.ಡಬ್ಲ್ಯು. ಮಾಡಿಯೋ ಇಂಥ ಕಡೆ ಸೇರಬೇಕೆಂದಿರುವ ಹುಡುಗ ಹುಡುಗಿಯರಿಗೆ, ಹೊಸದಾಗಿ ಟ್ರಸ್ಟ್ ಕಟ್ಟಲು ಹೊರಟವರಿಗೆ ಇದು. ಯಾರ ಕೆಲಸ ಏನು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದಷ್ಟೇ ಇಲ್ಲಿದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗಲೇ ಹೆಚ್ಚು ಕೆಡುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರ್ಯಕರ್ತೆಯಿಂದ ಶುರು ಮಾಡೋಣ. ಒಬ್ಬಳಿಗೆ ಸಾಮಾನ್ಯವಾಗಿ ನಾಲ್ಕೈದು ಊರು: ಒಂದು ದೊಡ್ಡ ಹಳ್ಳಿ, ಅದರ ಸುತ್ತಲಿನ ಹಟ್ಟಿ, ತಾಂಡಾ. ಹೊಸ ಸಂಸ್ಥೆಗಳು ಮಾಡುವ ಮೊದಲ ತಪ್ಪು ಎಂದರೆ ಅವಳಿಗೆ ಹತ್ತರಿಂದ ಐದರ ಕಚೇರಿ ವೇಳೆ ಹಾಕುವುದು. ಆ ವೇಳೆಯಲ್ಲಿ ಹಳ್ಳಿಯಲ್ಲಿ ಸಿಗುವವರು ವಯಸ್ಸಾದವರು ಮತ್ತು ಬೀಗ. ಶೇಂಗಾಕ್ಕೆ ಕಳೆ ತೆಗೆಯುವಾಗ, ಕೀಳುವಾಗ ಹೆಂಗಸರು ಬೆಳಗ್ಗೆ ಎಂಟಕ್ಕೆಲ್ಲ ಹೊಲದಲ್ಲಿರುತ್ತಾರೆ. ಆದ್ದರಿಂದ ಆರೂವರೆಯಿಂದ ಎಂಟೂವರೆ, ಮತ್ತೆ ಸಂಜೆ ಐದರಿಂದ ಏಳೂವರೆ. ಇದೇ ಮನೆ ಭೇಟಿಯ ನಿಜವಾದ ವೇಳೆ. ನಡುಹಗಲು ರಿಜಿಸ್ಟರ್ ಬರೆಯಲು, ಅಂಗನವಾಡಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿಬರಲು. ಹೀಗೆ ಮಾಡಬೇಕಾದರೆ ಅವಳು ಅದೇ ಊರಿನವಳೋ ಪಕ್ಕದೂರಿನವಳೋ ಆಗಿರಬೇಕು. ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡು ಏಳರ ಬಸ್ಸಿಗೆ ಬರುವವಳಿಂದ ಇದು ಆಗದು, ಅವಳೆಷ್ಟೇ ಓದಿರಲಿ. ನಾಯಕನಹಟ್ಟಿ ಜಾತ್ರೆಯ ವಾರ ಯಾರೂ ಸಿಗುವುದಿಲ್ಲ. ಅಂಥ ವಾರಕ್ಕೆ ಗುರಿ ಹಾಕಿ ಕೂತರೆ ಸುಳ್ಳು ಬರೆಯಲು ನಾವೇ ಹೇಳಿಕೊಟ್ಟಂತೆ.

ಚೀಲದಲ್ಲಿ ಏನಿರಬೇಕು? ಬಿಪಿ ಯಂತ್ರ, ಅದಕ್ಕೆ ಎರಡು ಅಳತೆಯ ಪಟ್ಟಿ, ನಾಲ್ಕು ಬಿಡಿ ಸೆಲ್ಲು. ಗ್ಲೂಕೋಮೀಟರ್, ಸ್ಟ್ರಿಪ್, ಲ್ಯಾನ್ಸೆಟ್, ಬಳಸಿದ ಸೂಜಿ ಹಾಕಲು ಗಟ್ಟಿ ಬಿಳಿ ಡಬ್ಬಿ. ಥರ್ಮಾಮೀಟರ್, ಕೂಸು ತೂಗುವ ಜೋಳಿಗೆ ತಕ್ಕಡಿ, ಮಕ್ಕಳ ತೋಳಿನ ಸುತ್ತಳತೆ ನೋಡುವ ಬಣ್ಣದ ಟೇಪು, ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ, ರಿಜಿಸ್ಟರು. ಇಷ್ಟೇ. ಜನ ಅವಳನ್ನು 'ನರ್ಸಮ್ಮ' ಅನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ, ಆದರೆ ಮೊದಲ ವಾರದಲ್ಲೇ ತಿದ್ದಬೇಕು. ಇಲ್ಲದಿದ್ದರೆ 'ಒಂದು ಸೂಜಿ ಹಾಕಿ ಹೋಗವ್ವ, ಮೈ ಕೈ ನೋವು' ಅನ್ನುವ ಅಜ್ಜಿಗೆ ಇಲ್ಲ ಅನ್ನುವುದು ಕಷ್ಟವಾಗುತ್ತದೆ. ಅವಳು ಸೂಜಿ ಹಾಕುವಂತಿಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿಯನ್ನೂ ಕೊಡಬಾರದು.

ಬಿಪಿ ನೋಡುವುದನ್ನು ಹತ್ತು ನಿಮಿಷದಲ್ಲಿ ಕಲಿಸಬಹುದು, ಸರಿಯಾಗಿ ನೋಡುವುದು ರೂಢಿಯಾಗಲು ತಿಂಗಳುಗಳು ಬೇಕು. ಎಲೆಅಡಿಕೆ, ಕಡ್ಡಿಪುಡಿ, ಬೀಡಿ, ಟೀ ಆಗಿ ಅರ್ಧ ಗಂಟೆ ಕಳೆದಿರಬೇಕು. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನು ಗೋಡೆಗೆ ಆನಿಸಿ, ಪಾದ ನೆಲಕ್ಕೆ ಊರಿ. ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತವರ ಓದು ಸರಿ ಬರುವುದಿಲ್ಲ. ತೋಳು ಎದೆಯ ಮಟ್ಟದಲ್ಲಿರಬೇಕು. ಜೋತುಬಿದ್ದಿದ್ದರೆ ಓದು ಹತ್ತರಷ್ಟು ಮೇಲೆ ಹೋಗಬಹುದು. ಸೀರೆಯ ಸೆರಗು, ರವಿಕೆ ತೋಳು, ಅಂಗಿ ಯಾವುದರ ಮೇಲೂ ಪಟ್ಟಿ ಕಟ್ಟಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ, ಅದಕ್ಕೇ ಎರಡು ಪಟ್ಟಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಬೇಕು. 140/90 ಅಥವಾ ಮೇಲಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು, 180/110 ಮುಟ್ಟಿದರೆ ಅವತ್ತೇ. ಯಂತ್ರ ನಡೆಯುವಾಗ ಇಬ್ಬರೂ ಮಾತಾಡಬಾರದು. ಇದೇ ಅತಿ ಕಷ್ಟದ ನಿಯಮ, ಯಾಕೆಂದರೆ ಹೋದ ಕೂಡಲೇ ಅಜ್ಜಿ ಮಗನ ಮದುವೆ ಮಾತು ಎತ್ತಿರುತ್ತಾಳೆ.

ಶುಗರ್ ನೋಡುವಾಗ ಕೆಡುವುದು ಬೇರೆ ಕಾರಣಕ್ಕೆ. ಬೆರಳಿನಲ್ಲಿ ಮಾವಿನಹಣ್ಣಿನ ರಸವೋ ಬೆಲ್ಲದ ಅಂಟೋ ಇದ್ದರೆ ಮೀಟರ್ ಅದನ್ನೂ ಓದುತ್ತದೆ. ಸೋಪಿನಿಂದ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಬೇಕು. ಸ್ಪಿರಿಟ್ ಹಚ್ಚಿದ್ದರೆ ಆರುವವರೆಗೆ ಕಾಯಬೇಕು. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಮಾಂಸದೊಳಗಿನ ನೀರು ಬೆರೆತು ಅಂಕಿ ತಪ್ಪಾಗುತ್ತದೆ. ಹಿಮೋಗ್ಲೋಬಿನ್ ನೋಡುವಾಗಲಂತೂ ಈ ಹಿಂಡುವ ಚಾಳಿ ಇನ್ನೂ ಕೆಟ್ಟದ್ದು. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. 7.2 ಇದ್ದದ್ದು ಹಿಂಡಿದ್ದರಿಂದ 6.8 ಆದರೆ ಆ ಮನೆಯವರು ವೃಥಾ ಜಿಲ್ಲಾ ಆಸ್ಪತ್ರೆಗೆ ಓಡುತ್ತಾರೆ, ಮುಂದಿನ ಸಲ ಬೆರಳನ್ನೇ ಕೊಡುವುದಿಲ್ಲ.

ಇನ್ನು ಸರ್ಕಾರದ ಕಡೆಯ ಊರ ಆರೋಗ್ಯ ಕಾರ್ಯಕರ್ತೆ, ಅಂದರೆ ಆಶಾ ಜೊತೆಗಿನ ಸಂಬಂಧ. ಸುಮಾರು 1000 ಜನಕ್ಕೆ ಒಬ್ಬ ಆಶಾ ಇರುತ್ತಾರೆ. ಅವರಿಗೆ ಗೌರವಧನದ ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಬರುತ್ತದೆ. ಸಂಸ್ಥೆಯ ಕಾರ್ಯಕರ್ತೆ ಬಂದು ಅದೇ ಕೆಲಸ ಮಾಡಿ ಫೋಟೋ ಹೊಡೆದುಕೊಂಡು ಹೋದರೆ ಆಶಾ ಹೊಟ್ಟೆಯ ಮೇಲೆ ಹೊಡೆದಂತೆ. ಆಮೇಲೆ ಊರಲ್ಲಿ ಒಂದು ಬಾಗಿಲೂ ಸಲೀಸಾಗಿ ತೆರೆಯದು. ಕಾರ್ಯಕರ್ತೆ ಆಶಾ ಬಿಟ್ಟ ಕೆಲಸವನ್ನು ತುಂಬಬೇಕು, ಮಾಡಿದ ಕೆಲಸವನ್ನು ಮತ್ತೆ ಮಾಡಬಾರದು. ವಯಸ್ಸಿನಲ್ಲಿ ಆಶಾ ದೊಡ್ಡವರೇ ಇರುತ್ತಾರೆ. 'ಅಕ್ಕಾ, ಈ ವಾರ ಯಾವ ಮನೆಗೆ ಹೋಗಕ್ಕಾಗಿಲ್ಲ, ಹೇಳ್ರಿ' ಅಂತ ಕೇಳಿ ಶುರು ಮಾಡುವುದೇ ವಾಸಿ.

ಆಶಾ ಬಿಡುವ ಕೆಲಸ ಯಾವುದು ಅಂದರೆ, ತವರಿಗೆ ಹೋದ ಬಾಣಂತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ, ಅಂದರೆ ಆರು ಸಲ ಮನೆಗೆ ಹೋಗಿ ತಾಯಿ ಮಗುವನ್ನು ನೋಡಬೇಕು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು. ಆದರೆ ನಮ್ಮ ಕಡೆ ಏಳನೇ ತಿಂಗಳ ಸೀಮಂತವಾದ ಮೇಲೆ ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ, ಬರುವುದು ಕೂಸಿಗೆ ಮೂರೋ ಐದೋ ತಿಂಗಳಾದ ಮೇಲೆ. ಆರಕ್ಕೆ ಆರು ಭೇಟಿಯೂ ತವರಲ್ಲೇ ಬೀಳುತ್ತವೆ. ಹೆಸರು ಮಾತ್ರ ಗಂಡನ ಊರಿನ ಆಶಾ ರಿಜಿಸ್ಟರಿನಲ್ಲಿ. ತವರಿನ ಆಶಾಗೆ ಈ ಹುಡುಗಿ ಬಂದದ್ದು ಎಷ್ಟೋ ಸಲ ನಾಮಕರಣದ ಹೊತ್ತಿಗೆ ಗೊತ್ತಾಗುತ್ತದೆ. ಹೊಳಲ್ಕೆರೆಯ ಸೊಸೆ, ಚನ್ನಗಿರಿಯ ಮಗಳು ಅಂದರೆ ಜಿಲ್ಲೆಯೇ ಬದಲಾಯಿತು.

ಇದಕ್ಕೆ ಮದ್ದು ಸೀಮಂತದ ವಾರದಲ್ಲಿದೆ, ಹೆರಿಗೆ ಆದಮೇಲೆ ಅಲ್ಲ. ಆ ವಾರ ಕಾರ್ಯಕರ್ತೆ ಹೋಗಿ ತಾಯಿ ಕಾರ್ಡಿನ ಹಿಂಬದಿಗೆ ಮೂರು ಸಂಗತಿ ಬರೆಯಬೇಕು: ತವರಿನ ಊರು ಮತ್ತು ಉಪಕೇಂದ್ರ, ಅಲ್ಲಿನ ಆಶಾ ನಂಬರು, ಹುಡುಗಿಯ ತಾಯಿಯ ನಂಬರು. ಗಂಡನ ನಂಬರು ಈ ಕೆಲಸಕ್ಕೆ ಬರುವುದಿಲ್ಲ. ಅವನು ಬೆಂಗಳೂರಿನಲ್ಲಿ ಶಿಫ್ಟ್‌ನಲ್ಲಿರುತ್ತಾನೆ. ಹೊರಡುವ ಮುಂಚೆಯೇ ಗಂಡನೂರಿನ ಆಶಾ ಕೈಯಿಂದಲೇ ತವರೂರಿನ ಆಶಾಗೆ ಫೋನ್ ಮಾಡಿಸಬೇಕು. ಭೇಟಿ ಮಾಡಿದವರಿಗೇ ಪ್ರೋತ್ಸಾಹಧನ ಅನ್ನುವುದನ್ನು ಇಬ್ಬರ ಎದುರಿಗೂ ಸ್ಪಷ್ಟ ಮಾಡಿಕೊಂಡರೆ ಜಗಳ ಇಲ್ಲ. ಕಬ್ಬಿಣದ ಮಾತ್ರೆಯ ಲೆಕ್ಕವೂ ಇಲ್ಲೇ ತಪ್ಪುವುದು: ಗರ್ಭಿಣಿಗೆ 180 ದಿನ, ಹೆರಿಗೆ ಆದಮೇಲೆ ಮತ್ತೆ 180 ದಿನ. ತವರಿಗೆ ಹೋಗುವಾಗ ಮಾತ್ರೆಗಳು ಟ್ರಂಕಿನ ಮೇಲೆ ಉಳಿದುಬಿಡುತ್ತವೆ. ಟೀ ಜೊತೆ, ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಲಿ. ಮಲ ಕಪ್ಪಾಗುತ್ತದೆ ಅಂತ ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಬಿಡುತ್ತಾರೆ.

ಕೂಸಿನ ಉಸಿರು ಎಣಿಸುವುದು ಕಾರ್ಯಕರ್ತೆ ಕಲಿಯಬೇಕಾದ ಅತಿ ಬೆಲೆಬಾಳುವ ವಿದ್ಯೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಎಳೆಗೂಸಿಗೆ ನಡೆಯದು, ಅದರ ಉಸಿರು ಒಮ್ಮೆ ಬೇಗ, ಒಮ್ಮೆ ನಿಧಾನ. ಹಾಲು ಕುಡಿಯುವಾಗ, ಅಳುವಾಗ ಎಣಿಸಬಾರದು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆಗೆ. ಎರಡರಿಂದ ಹನ್ನೆರಡು ತಿಂಗಳವರೆಗೆ 50, ಅದರ ಮೇಲೆ ಐದು ವರ್ಷದವರೆಗೆ 40. ಎದೆಗೂಡಿನ ಕೆಳಗೆ ಗುಳಿ ಬೀಳುವುದು, ಮೊಲೆ ಹಿಡಿಯದಿರುವುದು, ಕೈಕಾಲು ತಣ್ಣಗಿರುವುದು ಕಂಡರೆ ಎಣಿಸುತ್ತ ಕೂರುವುದೂ ಬೇಡ. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನ ಸಮೇತ ಹಟ್ಟಿಯ ಹೊರಗಿನ ಗುಡಿಸಿಲಲ್ಲಿ ಇರಿಸುವುದು ಇನ್ನೂ ಇದೆ. ಅಲ್ಲಿ ಹೋಗಿ ಭಾಷಣ ಮಾಡಿದರೆ ಮುಂದಿನ ಸಲ ಗುಡಿಸಿಲು ಎಲ್ಲಿದೆ ಅಂತಲೂ ಹೇಳುವುದಿಲ್ಲ. ಮೊದಲು ಗುಡಿಸಿಲೊಳಗೆ ಹೋಗಿ ಕೂರಬೇಕು, ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಮೇಲೆ ಕಂಬಳಿ ಹೊದಿಸುವುದನ್ನು ತೋರಿಸಬೇಕು. ಪದ್ಧತಿ ಬದಲಿಸುವ ಮಾತು ಹಟ್ಟಿಯ ಹಿರಿಯರ ಜೊತೆ, ಬೇರೆ ದಿನ, ಬೇರೆಯವರಿಂದ ಆಗಲಿ.

ಮೇಲ್ವಿಚಾರಕರ ಬಗ್ಗೆ ಒಂದು ದೂರು ಇದೆ ನನಗೆ: ಅವರು ಕಾರ್ಯಕರ್ತೆಯ ಜೊತೆ ಹೋಗಿ ಕೆಲಸ ನೋಡುತ್ತಾರೆ. ಜೊತೆಗೆ ಹೋದಾಗ ಯಾರ ಕೆಲಸವೂ ಚೆನ್ನಾಗಿಯೇ ಇರುತ್ತದೆ. ಕಳೆದ ತಿಂಗಳ ರಿಜಿಸ್ಟರಿನಿಂದ ಚೀಟಿ ಎತ್ತಿ ಹತ್ತು ಮನೆಗೆ ಒಂದರಂತೆ ಆರಿಸಿ, ಅವಳಿಲ್ಲದೆ ಹೋಗಬೇಕು. ಕೇಳುವ ಪ್ರಶ್ನೆ 'ಅವಳು ಬಂದಿದ್ದಳಾ?' ಅಂತ ಇರಬಾರದು. ಹಾಗೆ ಕೇಳಿದರೆ ಊರ ಮಗಳನ್ನು ಯಾರೂ ಬಿಟ್ಟುಕೊಡುವುದಿಲ್ಲ. 'ಮಾತ್ರೆ ತೋರ್ಸು ಯಜಮಾನ' ಅಂತ ಕೇಳಿ ಎಣಿಸಬೇಕು. 30 ಮಾತ್ರೆ ಕೊಟ್ಟು ಇಪ್ಪತ್ತು ದಿನವಾಗಿದ್ದರೆ ಹತ್ತು ಉಳಿದಿರಬೇಕು. ಇಪ್ಪತ್ತೈದು ಉಳಿದಿದ್ದರೆ ನುಂಗಿಲ್ಲ, ಐದು ಉಳಿದಿದ್ದರೆ ಹೆಂಡತಿಗೂ ಹಂಚಿದ್ದಾರೆ. ಬಿಪಿಗೆ ಹೆಚ್ಚಾಗಿ ಮೊದಲು ಕೊಡುವ ಅಮ್ಲೊಡಿಪಿನ್ 5 ಮಿ.ಗ್ರಾಂ. ಕೆಲವರಿಗೆ ಪಾದ ಊದಿಸುತ್ತದೆ. 'ಬಿಪಿ ಮಾತ್ರೆಗೆ ಕಿಡ್ನಿ ಹೋಯ್ತು' ಅನ್ನುವ ಸುದ್ದಿ ಹುಟ್ಟುವುದು ಇಲ್ಲಿಂದ. ಉಳಿದ ಮಾತ್ರೆಯ ಹಿಂದೆ ಹೀಗೊಂದು ಕಾರಣ ಇದ್ದೇ ಇರುತ್ತದೆ. ಬೈದರೆ ಅದು ಹೊರಗೆ ಬರುವುದಿಲ್ಲ.

ಸುಳ್ಳು ಅಂಕಿ ಹಿಡಿಯಲು ಫೀಲ್ಡಿಗೆ ಹೋಗಲೇಬೇಕಿಲ್ಲ. ಕಂಪ್ಯೂಟರಿಗೆ ತುಂಬುವ ಹುಡುಗನಿಗೆ ಒಂದು ಸಣ್ಣ ಲೆಕ್ಕ ಕಲಿಸಿದರೆ ಸಾಕು. ಡಿಜಿಟಲ್ ಬಿಪಿ ಯಂತ್ರದ ಓದಿನ ಕೊನೆಯ ಅಂಕಿ 0ಯಿಂದ 9ರವರೆಗೆ ಯಾವುದೂ ಆಗಬಹುದು, ಹಾಗಾಗಿ ಸೊನ್ನೆ ಸುಮಾರು ಹತ್ತರಲ್ಲಿ ಒಂದು ಬರಬೇಕು. ಒಬ್ಬಳ ರಿಜಿಸ್ಟರಿನಲ್ಲಿ 200 ಓದಿಗೆ ಸೊನ್ನೆಯಲ್ಲಿ ಮುಗಿಯುವುದು 20ರ ಆಸುಪಾಸಿನ ಬದಲು 110 ಇದ್ದರೆ, ಎಲ್ಲ 120/80, 130/80 ಇದ್ದರೆ, ಅವು ಮರದ ನೆರಳಿನಲ್ಲಿ ಕೂತು ಬರೆದವು. ಕೂಸುಗಳ ತೂಕ ಎಲ್ಲ 2.5, 3.0 ಆದರೂ ಹಾಗೆಯೇ. 2.5 ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು, ಹೆಚ್ಚು ಭೇಟಿ ಬೇಕು. ಆ ಓಡಾಟ ತಪ್ಪಿಸಲು 2.4 ಅನ್ನುವುದು 2.5 ಆಗುತ್ತದೆ. ಸಿಕ್ಕಿಹಾಕಿಕೊಂಡವಳನ್ನು ಕೆಲಸದಿಂದ ತೆಗೆಯುವ ಮುಂಚೆ ಅವಳ ಬಿಪಿ ಯಂತ್ರದ ಸೆಲ್ಲು ನೋಡಿ. ಯಂತ್ರ ಕೆಟ್ಟು ಎರಡು ತಿಂಗಳಾಗಿ, ಹೇಳಿಯೂ ಯಾರೂ ಬದಲಿಸಿರದಿದ್ದರೆ ತಪ್ಪು ಯಾರದು?

ಲ್ಯಾಬ್ ಟೆಕ್ನಿಷಿಯನ್‌ಗೆ ಕೈಗೆ ಬಂದ ಮಾದರಿ ಚೆನ್ನಾಗಿದ್ದರೆ ಮಾತ್ರ ಕೆಲಸ ಮಾಡಲು ಸಾಧ್ಯ. ಕ್ಷಯ ಅನುಮಾನವಿದ್ದವರ ಕಫ ತರಿಸಿದರೆ ಅರ್ಧಕ್ಕರ್ಧ ಎಂಜಲು ಬಂದಿರುತ್ತದೆ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ಎಳೆದುಕೊಂಡು, ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಕನಿಷ್ಠ 2 ಮಿ.ಲೀ., ಅಂಟಂಟು, ಗಟ್ಟಿ. ಬಯಲಿನಲ್ಲಿ ನಿಂತು ತೆಗೆಯಬೇಕು, ಕೋಣೆಯೊಳಗೂ ಅಲ್ಲ, ಬಚ್ಚಲಲ್ಲೂ ಅಲ್ಲ. ಹೆಸರಿನ ಚೀಟಿ ಕೊಳವೆಯ ಮೈಮೇಲೆ ಅಂಟಿಸಬೇಕು. ಮುಚ್ಚಳದ ಮೇಲೆ ಬರೆದರೆ ಲ್ಯಾಬಿನಲ್ಲಿ ಮುಚ್ಚಳ ತೆಗೆದ ಗಳಿಗೆಗೆ ಇಬ್ಬರ ರೋಗ ಅದಲುಬದಲು. ಔಷಧಿಗೆ ಸ್ಪಂದಿಸುವ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಡಿಸೆಂಬರಿನಲ್ಲಿ ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೊರಡುವವರ ಆರು ತಿಂಗಳು ಎಲ್ಲಿ ಮುಗಿಯುತ್ತದೆ ಅಂತ ನವೆಂಬರಿನಲ್ಲೇ ಕೇಳಿಕೊಳ್ಳಬೇಕು. ಸರ್ಕಾರದ ಕ್ಷಯ ನೋಂದಣಿಯ ನಿಕ್ಷಯ್ ನಂಬರು ಇದ್ದರೆ ಮಾತ್ರೆ ಅಲ್ಲಿಯೂ ಸಿಗುತ್ತದೆ. ಆ ನಂಬರನ್ನು ರೋಗಿಯ ಕೈಲಿರುವ ಪುಸ್ತಕದಲ್ಲಿ ದೊಡ್ಡದಾಗಿ ಬರೆದುಕೊಡುವುದು ಕಾರ್ಯಕರ್ತೆಯ ಕೆಲಸ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರ ಬದಲು 1000 ರೂಪಾಯಿ. ಆಧಾರ್ ಮತ್ತು ಬ್ಯಾಂಕಿನ ಹೆಸರು ತಾಳೆಯಾಗದೆ ಅದು ನಿಂತಿರುವುದೇ ಹೆಚ್ಚು.

ನಮ್ಮ ಕಡೆ ಲ್ಯಾಬಿನವರಿಗೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ, ಬೋರ್‌ವೆಲ್ ನೀರಿನ ಫ್ಲೋರೈಡ್. ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬೇಕು, ಗಾಜಿನಲ್ಲಿ ಬೇಡ. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ 'ನೀರು ಚೆನ್ನಾಗಿದೆ' ಅನ್ನುವವರು ಬಹಳ. ಅದು ಒಟ್ಟು ಲವಣ ತೋರಿಸುತ್ತದೆ. ಟಿಡಿಎಸ್ ಕಡಿಮೆಯಿದ್ದೂ ಫ್ಲೋರೈಡ್ ಹೆಚ್ಚಿರಬಹುದು. ಶುದ್ಧ ನೀರಿನ ಘಟಕದಲ್ಲಿ ನೋಡಬೇಕಾದದ್ದು ಕಚ್ಚಾ ನೀರು ಬೆರೆಸುವ ವಾಲ್ವು. ಕಚ್ಚಾ ನೀರಿನಲ್ಲಿ 4, ಶುದ್ಧ ಮಾಡಿದ್ದರಲ್ಲಿ 0.4 ಇದೆ ಅನ್ನೋಣ. ರುಚಿ ಬರಲಿ, ನೀರೂ ಹೆಚ್ಚು ಸಿಗಲಿ ಅಂತ ಎರಡು ಪಾಲು ಶುದ್ಧ ನೀರಿಗೆ ಒಂದು ಪಾಲು ಕಚ್ಚಾ ಬೆರೆಸಿದರೆ 1.6 ಆಯಿತು, ಮಿತಿ ದಾಟಿತು. ಇನ್ನೊಂದು ಸೋರಿಕೆ ಅಡುಗೆಮನೆಯಲ್ಲಿ: ಕುಡಿಯಲು ಘಟಕದ ನೀರು, ಮುದ್ದೆಗೆ, ಅನ್ನಕ್ಕೆ, ಸಾರಿಗೆ ಬೋರಿನ ನೀರು. ಮುದ್ದೆ ಕುಡಿದ ನೀರೆಲ್ಲ ಹೊಟ್ಟೆಗೇ. ಎಸರಿಗೂ ಕ್ಯಾನಿನ ನೀರೇ ಇಡಬೇಕು ಅಂತ ಹೇಳುವುದು ಟೆಕ್ನಿಷಿಯನ್ ಅಲ್ಲ, ಕಾರ್ಯಕರ್ತೆ. ಆದರೆ ಅವಳ ಕೈಗೆ ಆ ಊರಿನ ರಿಪೋರ್ಟು ತಲುಪಿರಬೇಕಲ್ಲ? ಬಹಳ ಕಡೆ ರಿಪೋರ್ಟು ದಾನಿಗಳಿಗೆ ಹೋಗುತ್ತದೆ, ಊರಿಗೆ ಬರುವುದಿಲ್ಲ.

ಭೇದಿಯ ವಿಷಯಕ್ಕೆ ಬಂದರೆ ಕ್ಲೋರಿನ್ ನೋಡುವುದು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದ ಮೇಲೆ ಇದರ ಬಗ್ಗೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಒಂದು ಗಂಟೆ ಬಿಟ್ಟು ನಲ್ಲಿಗೆ ಬಿಡಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಬಿಳಿ ಸುಣ್ಣ ಮಾತ್ರ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ನೋಡಿ ಬಂದರೆ ಏನೂ ಪ್ರಯೋಜನವಿಲ್ಲ, ಕೊನೆಯ ಮನೆಯ ನಲ್ಲಿಯಲ್ಲಿ ನೋಡಬೇಕು. ಆ ಕೊನೆಯ ಮನೆ ಯಾವ ಕೇರಿಯಲ್ಲಿರುತ್ತದೆ ಅನ್ನುವುದು ನಮಗೆಲ್ಲ ಗೊತ್ತು.

ಸ್ಟೋರ್ ನೋಡುವವರ ಲೆಕ್ಕ ಸರಳ, ಶಿಸ್ತು ಕಷ್ಟ. 400 ಜನ ಬಿಪಿ ರೋಗಿಗಳು, ದಿನಕ್ಕೊಂದು ಮಾತ್ರೆ ಅಂದರೆ ತಿಂಗಳಿಗೆ 12,000. ಆರ್ಡರ್ ಹಾಕಿ ಬರಲು ಒಂದು ತಿಂಗಳು, ತಡವಾದರೆಂದು ಇನ್ನೊಂದು ತಿಂಗಳು. ಹಾಗಾಗಿ ಕಪಾಟಿನಲ್ಲಿ 24,000ಕ್ಕೆ ಇಳಿದ ದಿನವೇ ಆರ್ಡರ್ ಹೋಗಬೇಕು, ಖಾಲಿಯಾದ ದಿನ ಅಲ್ಲ. ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ಮುಗಿಯುವುದನ್ನು ಮುಂದೆ ಇಡಬೇಕು. ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆಯದೆ ಕೊಡಬಾರದು. ಬಹುತೇಕ ಡಬ್ಬಿಗಳ ಮೇಲೆ 30 ಡಿಗ್ರಿ ಮೀರಬಾರದು ಅಂತ ಅಚ್ಚಾಗಿರುತ್ತದೆ. ಏಪ್ರಿಲ್‌ನಲ್ಲಿ ದುರ್ಗದ ಹಗಲು ಅದನ್ನು ಎಂದೋ ದಾಟಿರುತ್ತದೆ, ಜೀಪಿನ ಡ್ಯಾಷ್‌ಬೋರ್ಡ್ ಮೇಲಂತೂ ಕೇಳುವುದೇ ಬೇಡ. ಇನ್ನು ಕಂಪನಿ ಬದಲಾಗಿ ಬಿಳಿ ಮಾತ್ರೆ ಹೋಗಿ ಬೇರೆ ಬಣ್ಣದ್ದು ಬಂದರೆ ಕಾರ್ಯಕರ್ತೆಗೆ ಮುಂಚೆಯೇ ಹೇಳಬೇಕು. ಹೇಳದಿದ್ದರೆ ಹಳೆಯದು ಉಳಿದವರು ಎರಡನ್ನೂ ನುಂಗುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಅದೇ ಮಾತ್ರೆಯನ್ನು ಸಂಸ್ಥೆಯೂ ಕೊಟ್ಟು ಡಬಲ್ ಡೋಸ್ ಆಗುವುದೂ ಹೀಗೇ. ರೋಗಿಯ ಹತ್ತಿರ ಇರುವುದು ಒಂದೇ ಪುಸ್ತಕವಾಗಿರಬೇಕು, ಇಬ್ಬರೂ ಅದರಲ್ಲೇ ಬರೆಯಬೇಕು.

ಕಸದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಂಪಿನಲ್ಲಿ ಬಳಸಿದ ಸೂಜಿ, ಹತ್ತಿ ಎಲ್ಲ ವಾಪಸ್ ಬರಬೇಕು: ಚೂಪಾದ್ದು ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸು ಕೆಂಪಿಗೆ. ಶಾಲೆಯ ಹಿಂದೆ ಸುಟ್ಟು ಬರುವ ಸಂಸ್ಥೆಗಳಿವೆ.

ಡ್ರೈವರ್ ಬರೀ ಗಾಡಿ ಓಡಿಸುತ್ತಾನೆ ಅನ್ನುವವರು ಒಂದು ದಿನ ಅವನ ಪಕ್ಕ ಕೂರಬೇಕು. ಮಾದರಿಗಳ ಐಸ್ ಡಬ್ಬಿ ಹೊತ್ತು ಹೊತ್ತಿಗೆ ಲ್ಯಾಬ್ ಮುಟ್ಟಿಸುವವನು ಅವನು. ಹಾವು ಕಚ್ಚಿದವರನ್ನು ರಾತ್ರಿ ಎಲ್ಲಿಗೆ ಒಯ್ದರೆ ಪ್ರತಿವಿಷದ ಔಷಧಿ ಮತ್ತು ಅದನ್ನು ಕೊಡುವ ಡಾಕ್ಟರು ಎರಡೂ ಸಿಗುತ್ತಾರೆ ಅನ್ನುವ ಪಟ್ಟಿ ಅವನ ಬಳಿ ಇರಬೇಕು, ವಾರಕ್ಕೊಮ್ಮೆ ಫೋನ್ ಮಾಡಿ ತಿದ್ದಿಕೊಳ್ಳಬೇಕು. ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ, ದಾರಿಯಲ್ಲಿ ಮಂತ್ರದವರ ಮನೆ ಮುಂದೆ ಗಾಡಿ ನಿಲ್ಲಿಸುವಂತಿಲ್ಲ ಅನ್ನುವ ತರಬೇತಿ ಕೊಡಬೇಕಾದ್ದು ಅವನಿಗೇ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ. ಇನ್ನೊಂದು: ಹಿಂದಿನ ಸೀಟಿನಲ್ಲಿ ಆಡಿದ ಮಾತೆಲ್ಲ ಅವನ ಕಿವಿಗೆ ಬೀಳುತ್ತದೆ, ಯಾರಿಗೆ ಕ್ಷಯ, ಯಾರಿಗೆ ಎಚ್‌ಐವಿ ಅಂತ. ಗುಟ್ಟು ಕಾಯುವ ಕಾಗದಕ್ಕೆ ಡಾಕ್ಟರ ಸಹಿ ಹಾಕಿಸಿಕೊಂಡು ಡ್ರೈವರನ್ನು ಬಿಟ್ಟರೆ ಆ ಕಾಗದ ಯಾತಕ್ಕೆ?

ಲೆಕ್ಕದವರನ್ನು ಫೀಲ್ಡಿನವರು ಶತ್ರು ಅಂದುಕೊಂಡಿರುತ್ತಾರೆ, ಬಹುಪಾಲು ಟಿ.ಎ., ಅಂದರೆ ಪ್ರಯಾಣ ಭತ್ಯೆಯ ಬಿಲ್ಲಿನ ದೆಸೆಯಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. 'ಹಾಗಾದರೆ ಟಿ.ಎ. ಯಾಕೆ?' ಅಂತ ಆಡಿಟರ್ ಕೇಳುತ್ತಾರೆ. ಆದರೆ ದುರ್ಗ, ದಾವಣಗೆರೆ ಸೀಮೆಯಲ್ಲಿ ಒಳ ಊರುಗಳಿಗೆ ಓಡುವುದು ಖಾಸಗಿ ಬಸ್ಸು, ಅಲ್ಲಿಂದ ಹಟ್ಟಿಗೆ ಆಟೋ. ಖಾಸಗಿ ಬಸ್ಸಿನ ಟಿಕೆಟ್ ಎಷ್ಟೋ ಸಲ ಸಿಗುವುದೇ ಇಲ್ಲ, ಆಟೋದವರು ರಸೀದಿ ಕೊಡುವುದಿಲ್ಲ. ಮಾರ್ಗವಾರು ದರಪಟ್ಟಿಯೊಂದನ್ನು ಟ್ರಸ್ಟಿಗಳ ಸಭೆಯಲ್ಲಿ ಠರಾವು ಮಾಡಿಟ್ಟುಕೊಂಡರೆ ಈ ತಿಂಗಳ ತಿಂಗಳ ರಗಳೆ ತಪ್ಪುತ್ತದೆ.

ಲೆಕ್ಕದವರ ನಿಜವಾದ ತಲೆನೋವು ಏಪ್ರಿಲ್. ಮಾರ್ಚ್ 31ಕ್ಕೆ ವರ್ಷ ಮುಗಿದು, ಆಡಿಟ್ ಆಗಿ, ಬಳಕೆ ಪ್ರಮಾಣಪತ್ರ ಹೋದ ಮೇಲೆ ದಾನಿಗಳಿಂದ ಮುಂದಿನ ಕಂತು. ನಡುವಿನ ಎರಡು ಮೂರು ತಿಂಗಳು ಸಂಬಳ ಯಾವ ದುಡ್ಡಿನಿಂದ? ಮೂರು ತಿಂಗಳ ಸಂಬಳದಷ್ಟು ಮೀಸಲು ಇಲ್ಲದ ಸಂಸ್ಥೆಯಲ್ಲಿ ಒಳ್ಳೆಯ ಕಾರ್ಯಕರ್ತೆಯರು ಜೂನ್‌ವರೆಗೆ ಉಳಿಯುವುದಿಲ್ಲ. ವಿದೇಶಿ ದೇಣಿಗೆ ಇದ್ದರೆ ಅದು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಗೆ ಮುಂಚೆ ಅದು ಶೇ. 50 ಇತ್ತು. ಇನ್ನೊಂದು ಸಂಸ್ಥೆಗೆ ಆ ಹಣ ವರ್ಗಾಯಿಸುವಂತೆಯೂ ಇಲ್ಲ. ಇಪ್ಪತ್ತು ಜನ ಆದರೆ ಪಿ.ಎಫ್., ಹತ್ತು ಜನ ಆದರೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ. ಒಬ್ಬಂಟಿಯಾಗಿ ಸಂಜೆ ಹೊತ್ತು ಮನೆಮನೆ ತಿರುಗುವ ಹೆಣ್ಣುಮಕ್ಕಳೇ ತುಂಬಿರುವ ಕಡೆ ಈ ಸಮಿತಿ ಫೈಲಿನಲ್ಲಿ ಮಾತ್ರ ಇದ್ದರೆ ಸಾಲದು. ದೂರು ಕೊಡಲು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅವರ ಚೀಲದ ಒಳಮೈಯಲ್ಲಿ ಬರೆದಿರಬೇಕು.

ಡಾಕ್ಟರು? ವಾರಕ್ಕೆರಡು ದಿನ ಬಂದು, ಕಳಿಸಿದವರನ್ನು ನೋಡಿ, ಕಾರ್ಯಕರ್ತೆಗೆ ಅರ್ಥವಾಗುವ ಅಕ್ಷರದಲ್ಲಿ 'ಮುಂದೇನು' ಅಂತ ಬರೆದುಕೊಟ್ಟರೆ ಅವರ ಕೆಲಸ ಆಯಿತು.

ಇನ್ನು ಎಲ್ಲಕ್ಕಿಂತ ದೊಡ್ಡ ದಾಟು: ಕಾರ್ಯಕರ್ತೆಯೇ ಬಿಟ್ಟು ಹೋಗುವುದು. ಮದುವೆ, ಹೆರಿಗೆ, ಸರ್ಕಾರಿ ಕೆಲಸ, ಇನ್ನೂ ಸಾವಿರ ರೂಪಾಯಿ ಜಾಸ್ತಿ ಕೊಡುವ ಸಂಸ್ಥೆ; ಕಾರಣ ಯಾವುದೋ ಒಂದು. ಹಳಬಳು ಹೊಸಬಳು ಎರಡು ವಾರ ಒಟ್ಟಿಗೆ ಓಡಾಡುವಂತೆ ಇಬ್ಬರಿಗೂ ಸಂಬಳ ಇಟ್ಟುಕೊಳ್ಳಬೇಕು. ಬರೆದು ಕೊಡಬೇಕಾದ ಪಟ್ಟಿ ಇಷ್ಟು: ಗರ್ಭಿಣಿಯರು ಮತ್ತು ದಿನ ತುಂಬುವ ತಾರೀಖು, ತವರಿಗೆ ಹೋದವರು ಮತ್ತು ಎಲ್ಲಿಗೆ, ಕ್ಷಯದ ಮಾತ್ರೆಯಲ್ಲಿರುವವರು ಮತ್ತು ಎಷ್ಟನೇ ತಿಂಗಳು, 160 ದಾಟಿದ ಬಿಪಿಯವರು, ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ ಮಕ್ಕಳು. ಬರೆಯಲಾಗದ್ದನ್ನು ನಡೆಯುತ್ತ ಹೇಳಬೇಕು: ಯಾವ ಮನೆಯಲ್ಲಿ ಮೊದಲು ಅತ್ತೆಯನ್ನು ಮಾತಾಡಿಸಬೇಕು, ಯಾವ ಮನೆಗೆ ಗಂಡ ಕುಡಿದು ಬರುವ ಹೊತ್ತಿಗೆ ಹೋಗಬಾರದು, ಯಾವ ಹುಡುಗಿ ಬಾಯಿಬಿಟ್ಟು ಹೇಳದೆ ಕಣ್ಣಲ್ಲೇ ಹೇಳುತ್ತಾಳೆ. ಹೊಸಬಳನ್ನು ಕಂಡ ಕೂಡಲೇ 'ಯಾವೂರವ್ವ, ಯಾರ ಪೈಕಿ?' ಅಂತ ಕೇಳುತ್ತಾರೆ. ಜಾತಿ ಹೇಳಿದರೂ ಕಷ್ಟ, ಮುಚ್ಚಿಟ್ಟರೂ ಕಷ್ಟ. ಹಳಬಳು ಪಕ್ಕದಲ್ಲಿದ್ದು 'ನಮ್ಮ ಪೈಕಿನೇ ಅಜ್ಜಿ, ಆಸ್ಪತ್ರೆ ಪೈಕಿ' ಅಂದರೆ ನಗುವಿನಲ್ಲಿ ತೇಲಿಹೋಗುತ್ತದೆ.

ಚೀಲ ಒಪ್ಪಿಸಿಕೊಳ್ಳುವಾಗ ಪಟ್ಟಿ ಓದಿ ಎಣಿಸಿ, ಸ್ಟ್ರಿಪ್ ಡಬ್ಬಿಯ ಮೇಲಿನ ದಿನಾಂಕ ನೋಡಿ, ಬಿಪಿ ಯಂತ್ರವನ್ನು ಹೊಸದೊಂದರ ಪಕ್ಕ ಇಟ್ಟು ಒಂದೇ ತೋಳಿನಲ್ಲಿ ಒಂದಾದ ಮೇಲೊಂದು ಓದಿ ನೋಡಿ. ಮೊಬೈಲಿನ ಸಿಮ್ ಮೊದಲ ದಿನದಿಂದಲೇ ಸಂಸ್ಥೆಯ ಹೆಸರಿನಲ್ಲಿ ಇರಲಿ. ಎಂಟು ವರ್ಷದಲ್ಲಿ ನಾಲ್ಕು ಊರಿನ ಗೋಡೆಗಳ ಮೇಲೆ, ಕ್ಯಾಲೆಂಡರಿನ ಅಂಚಿನಲ್ಲಿ, ತಾಯಿ ಕಾರ್ಡಿನ ಹಿಂದೆ ಬರೆದಿಟ್ಟ ನಂಬರು ಅದು. ಸ್ವಂತ ಸಿಮ್ ಆಗಿದ್ದರೆ ಅವಳ ಜೊತೆ ಅದೂ ಹೊಸದುರ್ಗಕ್ಕೆ ಲಗ್ನವಾಗಿ ಹೋಗುತ್ತದೆ, ರಾತ್ರಿ ಎರಡಕ್ಕೆ ನೋವು ಕಾಣಿಸಿದ ಮನೆಯ ಫೋನು ಅಲ್ಲಿ ರಿಂಗಾಗುತ್ತದೆ.